ಸಾಲ ಹೊಲದ ಮ್ಯಾಲಿರಲಿ, ಮೈಮ್ಯಾಲ ಬ್ಯಾಡ

(ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತರು ಹಿರೋಳ್ಳಿಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನೀವು ತೊಗರಿ ಧಾರಣಿ, ಬ್ಯಾಂಕಿನ ನೋಟೀಸು ಇವುಗಳ ಬಗ್ಗೆ ಕೇಳಬೇಕಂತ ಬಂದೀರಿ. ನನಗೆ ಕೊಟ್ಟ ವಿಷಯ ಬೇರೆ. ಮನುಷ್ಯರ ಸಾಗಾಣಿಕೆ ಮತ್ತು ಅದಕ್ಕೆ ಸಿಕ್ಕವರನ್ನು ಬಿಡಿಸಲು ದುಡಿಯುವ ಸಂಘ-ಸಂಸ್ಥೆಗಳು, ಇದು ವಿಷಯ. ಹೆಸರು ಕೇಳಿದ ಕೂಡಲೇ ಹಿರಿಯರೊಬ್ಬರು "ಇದು ಪೊಲೀಸರ ಸಭಾದಾಗ ಮಾತಾಡೋ ಮಾತು, ರೈತರ ಸಭಾದಾಗ ಯಾಕ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಇಷ್ಟೆ: ಮನುಷ್ಯ ಮಾರಾಟ ಆಗೋದಕ್ಕಿಂತ ಮೊದಲು ಅವನ ಮೇಲೆ ಒಂದು ಸಾಲ ಹುಟ್ಟಿರುತ್ತದೆ. ಸಾಲದ ವಿಷಯ ಎಲ್ಲಿದೆಯೋ ಅಲ್ಲಿ ನಮ್ಮ ಸಂಘ ಇರಲೇಬೇಕು. ಇನ್ನೊಂದು ಕಾರಣವೂ ಇದೆ, ಅದು ಸ್ವಲ್ಪ ಖಾರ, ಆಮೇಲೆ ಹೇಳ್ತೀನಿ.

ಸಾಗಾಣಿಕೆ ಅಂದರೆ ನಮ್ಮ ಮನಸ್ಸಿನಾಗ ಸಿನಿಮಾದ ಚಿತ್ರ ಬರ್ತದ. ರಾತ್ರಿ ಒಂದು ಕಾರು ಬಂತು, ಹುಡುಗಿ ಬಾಯಿಗೆ ಬಟ್ಟೆ ಕಟ್ಟಿದರು, ಮುಂಬಯಿಗೆ ಒಯ್ದರು. ಹಾಗೂ ಆಗುತ್ತದೆ. ಆದರೆ ಬಹಳ ಮಂದಿ ಹೋಗುವುದು ಹಾಡುಹಗಲೇ, ತಮ್ಮ ಕಾಲ ಮೇಲೆ ನಡೆದು, ಗಂಟುಮೂಟೆ ತಾವೇ ಕಟ್ಟಿಕೊಂಡು. ಕಾನೂನಿಗೆ ಇದು ಗೊತ್ತಿದೆ. 2013ರಲ್ಲಿ ದಂಡಸಂಹಿತೆಯ 370ನೇ ಕಲಮನ್ನು ಹೊಸದಾಗಿ ಬರೆದರು. 2024ರ ಜುಲೈ 1ರಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಾಗಿದೆ. ಬೆದರಿಸಿ, ಮೋಸ ಮಾಡಿ, ಅಧಿಕಾರ ತೋರಿಸಿ ಇಲ್ಲವೇ ಆಸೆ ಹಚ್ಚಿ, ಶೋಷಣೆಗಾಗಿ ಒಬ್ಬನನ್ನು ನೇಮಿಸಿಕೊಂಡವನು, ಸಾಗಿಸಿದವನು, ಇರಿಸಿಕೊಂಡವನು, ಬರಮಾಡಿಕೊಂಡವನು ಎಲ್ಲರೂ ಅಪರಾಧಿಗಳೇ. "ಅವರೇ ಒಪ್ಪಿ ಬಂದಾರ" ಎನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಕನಿಷ್ಠ 7 ವರ್ಷ ಶಿಕ್ಷೆ, ಮಗುವಾದರೆ ಕನಿಷ್ಠ 10 ವರ್ಷ.

ಈಗ ಈ ಹಿರೋಳ್ಳಿಯನ್ನೇ ನೋಡ್ರಿ. ಗಡಿಯ ಊರು. ರಸ್ತೆ ಹಿಡಿದು ಹೋದರೆ ವಾಗ್ದರಿ, ಅಕ್ಕಲಕೋಟ, ಸೊಲ್ಲಾಪುರ. ದಸರಾ ಮುಗಿದು ದೀಪಾವಳಿ ಬರುವಷ್ಟರಲ್ಲಿ ಇಂಥ ರಸ್ತೆಗಳ ಮೇಲೆ ಎರಡೂ ಕಡೆಯಿಂದ ಸಂಸಾರಗಳು ಹೊರಡುತ್ತವೆ. ನಮ್ಮ ಕಡೆಯ ತಾಂಡಾ, ಕೇರಿಗಳ ಮಂದಿ ಆಚೆ ಕಬ್ಬು ಕಡಿಯಲು ಹೋಗುತ್ತಾರೆ, ಬೀಡ ಕಡೆಯ ಮಂದಿ ಈಚೆ ಬರುತ್ತಾರೆ. ನಮ್ಮ ಮೂರು ತಾಲ್ಲೂಕಿನಲ್ಲೇ ಭೂಸನೂರು, ಹವಳಗಾ, ಮಳ್ಳಿ ಕಾರ್ಖಾನೆಗಳು ಹುಟ್ಟಿದವು. ಇಲ್ಲಿಯವರನ್ನೇ ಇಲ್ಲಿ ಹಚ್ಚಬಹುದಲ್ಲ ಅಂದರೆ, ಊರ ಆಳು ಸಂಜೆ ಮನೆಗೆ ಹೋಗ್ತಾನ, ನೆಂಟರ ಮದುವಿ ಅಂತಾನ, ಕೂಲಿ ಕಡಿಮೆಯಾದರೆ ಕಟ್ಟಿಗೆ ಕುಂತು ಜಗಳ ತೆಗೀತಾನ. ದೂರದವನಾದರೆ ಜೋಪಡಿ ಬಿಟ್ಟರೆ ಹೋಗಲು ಜಾಗ ಇಲ್ಲ. ದೂರ ತರುವುದರ ಒಳಗುಟ್ಟೇ ಇದು.

ಈ ವ್ಯವಹಾರ ಹ್ಯಾಂಗ ನಡೀತದ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಯಾಕಂದ್ರ ಇಲ್ಲಿ ಟ್ರ್ಯಾಕ್ಟರ್ ಇದ್ದವರು ಹತ್ತಾರು ಮಂದಿ ಕುಂತೀರಿ. ಕಾರ್ಖಾನೆ ಕಡಿಯುವವರನ್ನು ತಾನು ನೇಮಿಸಿಕೊಳ್ಳುವುದಿಲ್ಲ. ಕಟಾವು ಮತ್ತು ಸಾಗಣೆ ಕರಾರನ್ನು ಟ್ರ್ಯಾಕ್ಟರ್ ಮಾಲೀಕನ ಜೊತೆ ಮಾಡಿಕೊಳ್ಳುತ್ತದೆ. ಮಾಲೀಕ ಮುಕಾದಮನಿಗೆ ಮುಂಗಡ ಕೊಡುತ್ತಾನೆ. ಗಡಿಯಾಚೆ ಅದಕ್ಕೆ ಉಚಲ್ ಅಂತಾರ. ಮುಕಾದಮ ಅದನ್ನು ಜೋಡಿ ಜೋಡಿಗೆ ಹಂಚುತ್ತಾನೆ. ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ. ನೋಡ್ರಿ, ಇಬ್ಬರು ಮನುಷ್ಯರ ಲೆಕ್ಕ ಒಂದು ಕುಡುಗೋಲಿನ ಹೆಸರಿನಾಗ ಬರೀತಾರ. ಅದರಾಗ ಹೆಂಡತಿಗೆ ಬೇರೆ ಕೂಲಿ ಇಲ್ಲ, ಬೇರೆ ಹೆಸರೂ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಉದಾಹರಣೆಗೆ ಮಾತ್ರ, ನಿಮ್ಮ ನಿಮ್ಮ ಅಂಕಿ ನೀವು ಹಾಕಿಕೊಳ್ಳಿರಿ. ಒಂದು ಜೋಡಿಗೆ ಒಂದು ಲಕ್ಷ ಮುಂಗಡ. ದಿನಕ್ಕೆ ಎರಡು ಟನ್, ಟನ್ನಿಗೆ 400 ರೂಪಾಯಿ, ಅಂದರೆ 800. ಹಿಟ್ಟು, ಎಣ್ಣೆ, ಔಷಧ, ಸಂತಿ ಖರ್ಚು 300. ಉಳಿದ 500 ಮುಂಗಡಕ್ಕೆ ಜಮಾ. ಹಂಗಾಮು 120 ದಿನ ನಡೆದರೆ ತೀರಿದ್ದು 60 ಸಾವಿರ. 40 ಸಾವಿರ ಬಾಕಿ. ಒಂದು ದಿನ ಜ್ವರ ಬಂದು ಮಲಗಿದರೆ ಅದಕ್ಕೆ ಖಾಡಾ ಎಂಬ ದಂಡ ಬೇರೆ. ಕಾರ್ಖಾನೆ ಕೆಟ್ಟು ನಿಂತ ದಿನ, ಮಳೆ ಬಿದ್ದ ದಿನ ಕೂಲಿ ಇಲ್ಲ, ಊಟ ಮಾತ್ರ ತಪ್ಪುವುದಿಲ್ಲ. ಬಾಕಿಗಾಗಿ ಮುಂದಿನ ವರ್ಷವೂ ಅದೇ ಮುಕಾದಮನ ಹತ್ತಿರ ಬರಬೇಕು. ಹೀಗೆ ಬಾಕಿ ಮುಗಿಯಬಾರದು ಎಂದೇ ಲೆಕ್ಕ ಬರೆದರೆ ಅದು ಲೆಕ್ಕ ಅಲ್ಲ, ಹಗ್ಗ.

ದಂಡಕ್ಕೆ ಹೆದರಿ ಹೆಣ್ಣುಮಕ್ಕಳು ಏನು ಮಾಡಿಕೊಂಡರು ಅನ್ನುವುದು 2019ರಲ್ಲಿ ಹೊರಗೆ ಬಂತು. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರನ್ನು ಮಹಾರಾಷ್ಟ್ರ ಸರ್ಕಾರದ ಸಮಿತಿ ವಿಚಾರಿಸಿತು. ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ತಿಂಗಳ ಮುಟ್ಟಿನ ನೋವಿಗೆ ಎರಡು ದಿನ ಕುಂತರೆ ಖಾಡಾ ಬೀಳುತ್ತದೆ, ತೆಗೆಸಿಬಿಟ್ಟರೆ ಆ ಚಿಂತೆ ಇಲ್ಲ ಎಂದು ಅವರಿಗೆ ಹೇಳಿದವರೂ ಇದ್ದರು, ಹೊಟ್ಟೆ ಕೊಯ್ದು ರೊಕ್ಕ ಎಣಿಸಿದ ಡಾಕ್ಟರರೂ ಇದ್ದರು. ಆಪರೇಷನ್ನಿನ ಖರ್ಚಿಗೂ ಮತ್ತೆ ಅದೇ ಮುಂಗಡ! ನಾವು ಚಹಾಕ್ಕೆ ಹಾಕುವ ಸಕ್ಕರೆ ಇದು.

ಇನ್ನು ಆ ಖಾರದ ಮಾತು. ಮುಕಾದಮ ಇಬ್ಬರು ಮೂವರ ಹತ್ತಿರ ಮುಂಗಡ ತಿಂದು ಓಡಿ ಹೋಗುತ್ತಾನೆ. ಇದು ಸುಳ್ಳಲ್ಲ. ಟ್ರ್ಯಾಕ್ಟರಿನ ಕಂತು ತನ್ನ ತಲೆಯ ಮೇಲೆ, ಕಾರ್ಖಾನೆಯ ಬಾಕಿ ತನ್ನ ತಲೆಯ ಮೇಲೆ, ಕಡಿಯುವವರು ಇಲ್ಲ. ರೈತ ಮನೆ ಮಾರುವ ಹಂತಕ್ಕೆ ಬರುತ್ತಾನೆ. ಈ ಸಂಕಟದಾಗ ಕೆಲವರು ಏನು ಮಾಡ್ತಾರ? ನಾಲ್ಕು ಹುಡುಗರನ್ನು ಕರೆದುಕೊಂಡು ಜೀಪಿನಲ್ಲಿ ಹೋಗಿ, ಮುಕಾದಮ ಸಿಗಲಿಲ್ಲ ಅಂತ ಕೂಲಿಯವನ ತಮ್ಮನನ್ನೋ, ಹೆಂಡತಿಯನ್ನೋ, ಹರೆಯದ ಮಗನನ್ನೋ ತಂದು ತೋಟದ ಮನೆಯಾಗ ಕೂಡಿಹಾಕ್ತಾರ. "ರೊಕ್ಕ ತಾ, ಬಿಡ್ತೀವಿ." ಇದನ್ನು ಯಾವ ಹೆಸರಿನಿಂದ ಕರೆಯಬೇಕು? ನಮ್ಮ ಮಂದಿ "ವಸೂಲಿ" ಅಂತಾರ. ಕಾನೂನು ಇದನ್ನು ಅಕ್ರಮ ಬಂಧನ ಅನ್ನುತ್ತದೆ, ದುಡಿಸಿಕೊಂಡರೆ ಜೀತ ಅನ್ನುತ್ತದೆ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದರೆ ಸಾಗಾಣಿಕೆ ಅನ್ನುತ್ತದೆ. ಬ್ಯಾಂಕಿನವರು ಬಂದು ನಮ್ಮ ಮನೆಯ ಪಾತ್ರೆ ಎತ್ತಿದಾಗ ಅದನ್ನು ವಸೂಲಿ ಅಂತ ನಾವು ಒಪ್ಪಿದ್ದೆವೇನು?

ನಮ್ಮ ಸಂಘ ಹುಟ್ಟಿದ್ದೇ ಅಲ್ಲಿ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟರು. ಅದರ ಬೆನ್ನಿಗೆ ಕರ್ನಾಟಕ ರಾಜ್ಯ ರೈತ ಸಂಘ ಬಂತು. ಸಾಲಕ್ಕೆ ಜಪ್ತಿ ಮಾಡಿದ ಸಾಮಾನುಗಳನ್ನು ಕಚೇರಿಯಿಂದ ಎತ್ತಿ ತಂದು ರೈತನ ಮನೆಗೆ ಮುಟ್ಟಿಸಿ ಅದಕ್ಕೆ ಮರುಜಪ್ತಿ ಎಂದರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಎಂದು ಊರ ಬಾಗಿಲಿಗೆ ಫಲಕ ಹಾಕಿದರು. ಪ್ರೊಫೆಸರ್ ನಂಜುಂಡಸ್ವಾಮಿಯವರು ಊರೂರಿಗೆ ತಿರುಗಿ ತಿಳಿಹೇಳಿದ ಮಾತು, ಸಾಲಕ್ಕೆ ಹುಟ್ಟು ಬೇರೆ ಇದೆ, ಬೆಲೆ ನೀತಿಯಲ್ಲಿ ಇದೆ, ರೈತನ ತಪ್ಪಲ್ಲ ಎಂಬುದು. ಸರಿ. ಹಾಗಾದರೆ ಕೂಲಿಯವನ ಮುಂಗಡದ ಹುಟ್ಟು ಎಲ್ಲಿದೆ? ಅದೇ ಒಣ ಬೇಸಾಯದಾಗ, ಅದೇ ಬರದಾಗ, ಅದೇ ಆಸ್ಪತ್ರೆ ಬಿಲ್ಲಿನಾಗ. ನಮ್ಮದಕ್ಕೊಂದು ನ್ಯಾಯ, ಅವನದಕ್ಕೊಂದು ನ್ಯಾಯ ಹ್ಯಾಂಗ ಆಗ್ತದ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಬ್ರಿಟಿಷರು ಮಾಡಿದ್ದು, ಅದು ಕೂಡ ಒಕ್ಕಲಿಗನ ನೇಗಿಲು, ಉಳುವ ಎತ್ತು, ಬೀಜದ ಕಾಳನ್ನು ಸಾಲಕ್ಕೆ ಜಪ್ತಿ ಮಾಡಬಾರದು ಎನ್ನುತ್ತದೆ. ಎತ್ತಿಗೆ ಇರುವ ರಕ್ಷಣೆ ಕೂಲಿಯವನ ಹೆಂಡತಿಗೆ ಇರಬಾರದೇನು?

1976ರ ಜೀತ ಪದ್ಧತಿ ರದ್ದು ಕಾಯ್ದೆ ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದೆ. ಒಂದು ಮಾತು ಸ್ಪಷ್ಟ ಇರಲಿ, ಮುಂಗಡ ಕೊಡುವುದೇ ಅಪರಾಧ ಅಲ್ಲ. ಮುಂಗಡದ ಬದಲಿಗೆ ಅವನು ಬೇರೆ ಕಡೆ ಕೆಲಸಕ್ಕೆ ಹೋಗುವ ಹಕ್ಕು, ತಿರುಗಾಡುವ ಹಕ್ಕು, ಕನಿಷ್ಠ ಕೂಲಿ ಪಡೆಯುವ ಹಕ್ಕು ಕಳೆದುಕೊಂಡ ಕೂಡಲೇ ಅದು ಜೀತದ ಸಾಲ ಆಗುತ್ತದೆ. ಆದ ಕ್ಷಣವೇ ಆ ಸಾಲ ಸತ್ತುಹೋಗುತ್ತದೆ. ವಸೂಲಿಗೆ ದಾವೆ ನಡೆಯುವುದಿಲ್ಲ. ಸತ್ತ ಸಾಲಕ್ಕೆ ರೊಕ್ಕ ಇಸಿದುಕೊಂಡವನಿಗೂ ಮೂರು ವರ್ಷದ ತನಕ ಜೈಲು ಇದೆ. ಜೀತದ ಸಾಲ ಅಲ್ಲ ಎಂದು ರುಜುವಾತು ಮಾಡುವ ಭಾರ ಸಾಲ ಕೊಟ್ಟವನದು, ಆಳಿನದಲ್ಲ. 1982ರಲ್ಲಿ ಏಷ್ಯಾಡ್ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನು ಹಸಿವಿನ ಬಲವಂತಕ್ಕೆ ದುಡಿಯುತ್ತಾನೆ, ಹಸಿವೂ ಒಂದು ಬಲವಂತವೇ ಎಂದಿತು.

ಕಾನೂನು ಬರೆದವರು ದಿಲ್ಲಿಯವರು. ಅದನ್ನು ಕಪಾಟಿನಿಂದ ಹೊರಗೆ ಎಳೆದವರು ಸಂಘ-ಸಂಸ್ಥೆಗಳ ಮಂದಿ. ಸ್ವಾಮಿ ಅಗ್ನಿವೇಶರು 1981ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಕಟ್ಟಿದರು. ದಿಲ್ಲಿಗೆ ಅಂಟಿದ ಫರೀದಾಬಾದಿನ ಕಲ್ಲು ಗಣಿಗಳಲ್ಲಿ ಜೀತಕ್ಕಿದ್ದವರ ಬಗ್ಗೆ ಅವರು ಬರೆದ ಒಂದು ಕಾಗದವನ್ನೇ ಸುಪ್ರೀಂ ಕೋರ್ಟ್ ಅರ್ಜಿ ಎಂದು ತೆಗೆದುಕೊಂಡು 1983ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ನಮ್ಮ ರಾಜ್ಯದಲ್ಲಿ ಕಿರಣ್ ಕಮಲ್ ಪ್ರಸಾದ್ ಅವರ ಜೀವಿಕ, ಅಂದರೆ ಜೀತ ವಿಮುಕ್ತಿ ಕರ್ನಾಟಕ, ಹಳ್ಳಿಗಳನ್ನು ತಿರುಗಿ ಜೀತದಾಳುಗಳನ್ನು ಒಬ್ಬೊಬ್ಬರಾಗಿ ಪತ್ತೆ ಹಚ್ಚಿ, ಅರ್ಜಿ ಬರೆಸಿ ಅಧಿಕಾರಿಗಳ ಮೇಜಿನ ಮೇಲೆ ಇಟ್ಟಿತು. ಅಧಿಕಾರಿಗಳ ಉತ್ತರ ಯಾವಾಗಲೂ ಒಂದೇ: ನಮ್ಮ ತಾಲ್ಲೂಕಿನಲ್ಲಿ ಜೀತ ಇಲ್ಲ. ಇದೆ ಎಂದು ಒಪ್ಪಿಕೊಂಡರೆ ಬಿಡುಗಡೆ ಪತ್ರ ಕೊಡಬೇಕು, ಮೊಕದ್ದಮೆ ಹೂಡಬೇಕು, ಊರ ದೊಡ್ಡವರ ಮುಖ ನೋಡಬೇಕು. ಇಲ್ಲ ಅಂದರೆ ಒಂದು ಸಹಿ ಸಾಕು.

ಆ ಬಿಡುಗಡೆ ಪತ್ರ ಬರಿ ಕಾಗದ ಅಲ್ಲ. ಅದಿದ್ದರೆ ಪುನರ್ವಸತಿ ಯೋಜನೆಯಂತೆ ತಕ್ಷಣಕ್ಕೆ 30 ಸಾವಿರದ ತನಕ, ಆಮೇಲೆ ಗಂಡಸಿಗೆ ಒಂದು ಲಕ್ಷ, ಹೆಂಗಸರು ಮಕ್ಕಳಿಗೆ ಎರಡು ಲಕ್ಷ, ಸಾಗಾಣಿಕೆ ಮತ್ತು ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಕ್ಕೆ ಮೂರು ಲಕ್ಷ ಸಿಗಬೇಕು. ಕೇಳಲು ಚೆನ್ನ. ಆದರೆ ದೊಡ್ಡ ಮೊತ್ತವನ್ನು ಮೊಕದ್ದಮೆ ತೀರುವುದಕ್ಕೆ ಗಂಟು ಹಾಕಿದ್ದಾರೆ. ಮೊಕದ್ದಮೆ ತೀರುವ ತನಕ ಬಿಡುಗಡೆ ಆದವನು ಏನು ತಿನ್ನಬೇಕು? ಮತ್ತೆ ಮುಂಗಡವನ್ನೇ. 1984ರಲ್ಲೇ ನೀರಜಾ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಬಿಡಿಸಿ ಬದುಕಿಗೆ ದಾರಿ ಮಾಡದಿದ್ದರೆ ಅವರು ಮರಳಿ ಜೀತಕ್ಕೇ ಹೋಗುತ್ತಾರೆ ಎಂದು.

ಹೆಣ್ಣುಮಕ್ಕಳ ಮಾತಿಗೆ ಬರ್ತೀನಿ. ನಮ್ಮ ಉತ್ತರ ಕರ್ನಾಟಕದಾಗ ದೇವರ ಹೆಸರಿನಿಂದ ಮುತ್ತು ಕಟ್ಟಿ ಹುಡುಗಿಯರನ್ನು ಸಾಂಗ್ಲಿ, ಮಿರಜ, ಪುಣೆ, ಮುಂಬಯಿಗೆ ದಾಟಿಸಿದ ಇತಿಹಾಸ ಗೊತ್ತಿದ್ದದ್ದೇ. 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಆಯಿತು. ಕಾಯ್ದೆಯಿಂದ ನಿಂತಿತೇನು? ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು ವಿಮೋಚನಾ ಸಂಘ ಕಟ್ಟಿ ಆ ತಾಯಂದಿರ ಮಕ್ಕಳಿಗೆ ವಸತಿ ಶಾಲೆ ತೆಗೆದರು. ತಾಯಿಗೆ ಉಪದೇಶ ಮಾಡುವುದಕ್ಕಿಂತ ಮಗಳಿಗೆ ಪಾಟಿಚೀಲ ಕೊಡುವುದು ಲೇಸು ಎಂದು ಅವರು ಕಂಡುಕೊಂಡರು. ಘಟಪ್ರಭಾದಲ್ಲಿ 1997ರಲ್ಲಿ ಆದ ಮಾಸ್, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಇನ್ನೊಂದು ಬಗೆ. ಅದನ್ನು ನಡೆಸುವವರೇ ಮೊದಲು ದೇವದಾಸಿಯರಾಗಿದ್ದ ಹೆಂಗಸರು. ಎಲ್ಲೋ ಮುತ್ತು ಕಟ್ಟುತ್ತಾರೆ ಎಂಬ ಸುದ್ದಿ ಬಂದರೆ ಪೊಲೀಸರಿಗಿಂತ ಮೊದಲು ಅವರೇ ಆ ಮನೆಗೆ ಹೋಗಿ ಕುಂತುಬಿಡುತ್ತಾರೆ. ಅದರ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾಲದ ರುಚಿ ಸಾಲಗಾರನಿಗೇ ಗೊತ್ತು ಅನ್ನುವ ಹಾಗೆ, ಅನುಭವಿಸಿದವರ ಮಾತಿಗೆ ಇರುವ ತೂಕ ನನ್ನ ಭಾಷಣಕ್ಕೆ ಇಲ್ಲ.

ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯನ್ನು ಕಟ್ಟಿದವರು ಇಬ್ಬರು ಪತ್ರಕರ್ತರು, ಸ್ಟ್ಯಾನ್ಲಿ ಮತ್ತು ಪರಶುರಾಮ್. ಮೂರು ದಶಕಕ್ಕೂ ಮೇಲಾಯಿತು. ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ತಂದು, ಓದು, ಕಸುಬು ಕೊಟ್ಟು, ಕೋರ್ಟಿನಲ್ಲಿ ಸಾಕ್ಷಿ ಹೇಳುವ ತನಕ ಬೆನ್ನಿಗೆ ನಿಲ್ಲುತ್ತಾರೆ. ಬಿಡಿಸುವುದು ಒಂದು ರಾತ್ರಿಯ ಕೆಲಸ, ಸಾಕ್ಷಿ ಹೇಳಿಸುವುದು ವರ್ಷಗಟ್ಟಲೆ. ಸಾಕ್ಷಿ ಮುರಿದರೆ ದಲ್ಲಾಳಿ ನಗುತ್ತಾ ಮನೆಗೆ ಹೋಗುತ್ತಾನೆ.

ಹಾಗಂತ ಎಲ್ಲಾ ಸಂಸ್ಥೆಗಳನ್ನೂ ಹೊಗಳಲು ನಾನು ನಿಂತಿಲ್ಲ. ಕ್ಯಾಮೆರಾ ಹಿಡಿದು ದಾಳಿ ಮಾಡುವವರು ಇದ್ದಾರೆ, ಪರದೇಶದ ದೇಣಿಗೆ ನಿಂತ ದಿನ ಬಾಗಿಲು ಹಾಕುವವರು ಇದ್ದಾರೆ. ಸಾಂಗ್ಲಿಯ ಸಂಗ್ರಾಮ್ ಸಂಸ್ಥೆಯ ಜೊತೆಗಿರುವ ಹೆಂಗಸರು, ಅವರಲ್ಲಿ ಕನ್ನಡ ಮಾತಾಡುವವರು ಬಹಳ, ಈ ದಾಳಿಗಳನ್ನು ವಿರೋಧಿಸುತ್ತಲೇ ಬಂದಿದ್ದಾರೆ. ನಮ್ಮನ್ನು ಕೇಳದೆ ಹೊಡೆದುಕೊಂಡು ಹೋಗಿ ಇನ್ನೊಂದು ಕೋಣೆಯಲ್ಲಿ ಕೂಡಿಹಾಕಿದರೆ ಅದು ಬಿಡುಗಡೆ ಹೇಗೆ ಎಂಬುದು ಅವರ ವಾದ. ದೊಡ್ಡ ಹೆಂಗಸರ ವಿಷಯದಲ್ಲಿ ನನಗೆ ಆ ವಾದ ಸರಿ ಅನಿಸುತ್ತದೆ. ಹದಿನೆಂಟು ತುಂಬದ ಹುಡುಗಿಯ ವಿಷಯದಲ್ಲಿ ವಾದಕ್ಕೆ ಜಾಗವೇ ಇಲ್ಲ.

ಇದು ಕೇರಿ, ತಾಂಡಾದ ಮಾತು, ನಮ್ಮ ಮನೆಗೆ ಬರುವುದಿಲ್ಲ ಎಂದು ಕೆಲವರು ಅಂದುಕೊಂಡಿರಬಹುದು. ಎರಡು ಎಕರೆ ಒಣಭೂಮಿಯ ಮನೆಗೆ ದೂರದ ರಾಜ್ಯದಿಂದ ವರ ಬರ್ತಾನ. ವರದಕ್ಷಿಣೆ ಬ್ಯಾಡ, ಮದುವಿ ಖರ್ಚು ನಾವೇ ಹಾಕ್ತೀವಿ, ನಿಮ್ಮ ಸಾಲಕ್ಕೂ ಒಂದಿಷ್ಟು ಕೊಡ್ತೀವಿ ಅಂತಾರ. ನಡುವೆ ಒಬ್ಬ ದಲ್ಲಾಳಿ. ಹೆಣ್ಣು ಕೂಸನ್ನು ಹೊಟ್ಟೆಯಲ್ಲೇ ಕೊಂದು ಮುಗಿಸಿದ ಸೀಮೆಗಳಿಗೆ ಈಗ ಸೊಸೆ ಬೇಕಾಗಿದ್ದಾಳೆ. ಆ ಭಾಷೆ ಈ ಹುಡುಗಿಗೆ ಬರೂದಿಲ್ಲ, ಫೋನು ಕೈಯಾಗ ಇಲ್ಲ, ಆರು ತಿಂಗಳಿಗೆ ಸುದ್ದಿ ಇಲ್ಲ. ವರನ ಊರಿಗೆ ನಮ್ಮವರು ನಾಲ್ಕು ಮಂದಿ ಹೋಗಿ ಮನೆ, ಹೊಲ, ನೆರೆಹೊರೆ ನೋಡಿ ಬರದೆ ಅಕ್ಕಿಕಾಳು ಹಾಕಬ್ಯಾಡ್ರಿ. ಎತ್ತು ಕೊಳ್ಳುವಾಗ ಹಲ್ಲು ನೋಡ್ತೀವಲ್ಲ.

"ಹಂಗಾರ ನಮ್ಮ ಮುಂಗಡ ಮುಳುಗಲೇನ್ರಿ?" ಅಂತ ಟ್ರ್ಯಾಕ್ಟರಿನವರು ಕೇಳ್ತೀರಿ. ಮುಳುಗಬಾರದು. ಎರಡು ಕಡೆ ರೊಕ್ಕ ತಿಂದು ಓಡಿದ ಮುಕಾದಮ ಮೋಸಗಾರ. ಅವನ ಮೇಲೆ ಮೋಸದ ದೂರು ಕೊಡ್ರಿ, ನ್ಯಾಯ ಸಂಹಿತೆಯ 318ನೇ ಕಲಮು ಇದೆ. ಸಂಘ ಠಾಣೆಗೆ ಜೊತೆ ಬರ್ತದ. ಆದರೆ ಅವನ ಮೋಸಕ್ಕೆ ಜೋಪಡಿಯ ಹೆಂಗಸನ್ನು ಒತ್ತೆ ಇಟ್ಟುಕೊಂಡರೆ ಸಂಘ ನಿಮ್ಮ ಜೊತೆ ಇರಬಾರದು, ಎದುರಿಗೆ ಇರಬೇಕು. ಮುಖ್ಯ ಜಗಳ ಕಾರ್ಖಾನೆಯ ಜೊತೆ. ಸಕ್ಕರೆ ಮಾರುವವನು ಅವನು, ಕಡಿಯುವವನ ಜವಾಬ್ದಾರಿ ಮಾತ್ರ ನಿಮ್ಮ ತಲೆಗೆ. ಮುಂಗಡ ಕಾರ್ಖಾನೆಯ ಲೆಕ್ಕದಿಂದ ನೇರ ಕೂಲಿಯವರ ಖಾತೆಗೆ, ಗಂಡನಿಗೆ ಬೇರೆ, ಹೆಂಡತಿಗೆ ಬೇರೆ ಹೋಗಲಿ. ಪ್ರತಿ ದಿನದ ತೂಕದ ಚೀಟಿ ಅವರ ಕೈಗೆ ಸಿಗಲಿ. ಖಾಡಾ ಕರಾರಿನಲ್ಲೇ ಇರಬಾರದು. ಮುಳುಗಿದ ಮುಂಗಡದಲ್ಲಿ ಕಾರ್ಖಾನೆಯೂ ಪಾಲು ಹೊರಲಿ. ವಲಸೆ ಕೂಲಿಗೆ ಪಾಸ್‌ಬುಕ್ಕು, ಗುತ್ತಿಗೆದಾರನಿಗೆ ಲೈಸೆನ್ಸು ಬೇಕೆಂದು 1979ರಲ್ಲೇ ಕಾನೂನು ಆಗಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬಂತು. ನಡುವಿನ 46 ವರ್ಷ ನಮ್ಮ ಗದ್ದೆಗಳಲ್ಲಿ ಆ ಪಾಸ್‌ಬುಕ್ಕಿನ ಬಣ್ಣ ಯಾವುದು ಎಂದು ಕಂಡವರು ಕೈ ಎತ್ತಿರಿ. ಒಬ್ಬರೂ ಇಲ್ಲ.

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದವರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಾಗ ನಾವು ಚಪ್ಪಾಳೆ ತಟ್ಟಿದೆವು. ಮನೆ ಮುಂದೆ ಬಂದು ಕೂಡುವುದು, ಹೆಂಗಸರನ್ನು ಬೈಯುವುದು ತಪ್ಪು ಎಂದೆವು. ಅದೇ ಅಳತೆಗೋಲನ್ನು ನಮ್ಮ ಕೈಯಲ್ಲೂ ಹಿಡಿಯಬೇಕು.

ಊರಿಗೊಂದು ಜೀಪು ಇರುವ ಸಂಸ್ಥೆ ಯಾವುದೂ ಇಲ್ಲ, ಆದರೆ ಊರಿಗೊಂದು ಶಾಖೆ ಇರುವ ಸಂಘ ನಮ್ಮದು. ಯಾವ ತಾಂಡಾದಿಂದ ಯಾರು, ಯಾವ ಮುಕಾದಮನ ಜೊತೆ, ಯಾವ ಕಾರ್ಖಾನೆಗೆ ಹೋದರು, ಮಕ್ಕಳು ಎಷ್ಟು ಮಂದಿ, ಒಂದು ನೋಟುಪುಸ್ತಕದಲ್ಲಿ ಬರೆದು ಪಂಚಾಯತಿಗೆ ಒಂದು ಪ್ರತಿ ಕೊಡುವುದಕ್ಕೆ ದೇಣಿಗೆ ಬೇಕಾಗಿಲ್ಲ. ಮಕ್ಕಳನ್ನು ಹಂಗಾಮಿನ ಮಟ್ಟಿಗೆ ಊರಲ್ಲೇ ವಸತಿ ನಿಲಯದಲ್ಲಿ ಇರಿಸಿ ಎಂದು ಶಿಕ್ಷಣ ಅಧಿಕಾರಿಗಳ ಬೆನ್ನು ಹತ್ತಬೇಕು. 1976ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು, ಸಮಾಜಸೇವಕರು ಇಬ್ಬರು ಇರಬೇಕು. ನಮ್ಮ ಸಮಿತಿ ಕೊನೆಯ ಸಲ ಯಾವಾಗ ಸೇರಿತು, ನಡಾವಳಿ ಪುಸ್ತಕ ತೋರಿಸಿರಿ ಎಂದು ಮಾಹಿತಿ ಹಕ್ಕಿನ ಅರ್ಜಿ ಈ ವಾರವೇ ಮೂರು ತಾಲ್ಲೂಕಿನಿಂದಲೂ ಹೋಗಲಿ. ಅರ್ಜಿಯ ನಮೂನೆ ಬರೆದು ತಂದೀನಿ, ಮೇಜಿನ ಮ್ಯಾಲ ಅದ.

ಯಾರನ್ನಾದರೂ ಕೂಡಿಹಾಕಿದ್ದು ಕಣ್ಣಿಗೆ ಬಿದ್ದರೆ 112, ಮಗುವಾದರೆ 1098, ಉಚಿತ ವಕೀಲರಿಗೆ 15100. ಈ ಮೂರು ಅಂಕಿಗಳನ್ನು ಶಾಖೆಯ ಫಲಕದ ಮ್ಯಾಲ ಸುಣ್ಣದಿಂದಾದರೂ ಬರೀರಿ, ಮರಾಠಿಯಾಗೂ ಬರೀರಿ, ಗಡಿಯಾಚೆಯಿಂದ ಬಂದವರಿಗೂ ಓದಲು ಬರಬೇಕು. ತೊಗರಿ ಖರೀದಿ ಕೇಂದ್ರದ ವಿಷಯ ಮಾತಾಡುವವರು ಬಂದು ಅರ್ಧ ತಾಸಾಯಿತು, ಅವರಿಗೆ ಜಾಗ ಬಿಡ್ತೀನಿ.